ಮಾಸ್ತರರ ನಾಟಕದಲ್ಲಿ ನಾನಿಟ್ಟ ಯ ಒತ್ತು

ಗದಗಿನ ನಮ್ಮ ಹಳೆಯ ಪ್ರೆಸ್ಸಿಗೆ ಈ ವರ್ಷ ಕರಡು ತಿದ್ದಲು ಇಬ್ಬರು ಹುಡುಗಿಯರು ಸೇರಿದ್ದಾರೆ. ಮಾಲಕರು ಅವರನ್ನು ಬೆಟಗೇರಿಯ ನನ್ನ ಮನೆಗೆ ಕಳಿಸಿ, ಈ ಕೆಲಸವೆಂದರೆ ಏನೆಂದು ನಾಲ್ಕು ಮಾತು ಹೇಳಿರಿ ಎಂದಿದ್ದರು. ಅವರಲ್ಲಿ ಒಬ್ಬಳು ಚಹಾ ಕುಡಿಯುತ್ತ, ನಲವತ್ತು ವರ್ಷದಲ್ಲಿ ಎಷ್ಟು ತಪ್ಪು ಹಿಡಿದಿರಬಹುದು ಎಂದು ಕೇಳಿದಳು. ಹಿಡಿದ ತಪ್ಪನ್ನು ಯಾರು ಲೆಕ್ಕ ಇಡುತ್ತಾರೆ? ಹಿಡಿದದ್ದು ಅಚ್ಚಾಗುವುದಿಲ್ಲ, ಅಚ್ಚಾಗದ್ದು ಯಾರಿಗೂ ಕಾಣುವುದಿಲ್ಲ. ಮಾಡಿದ ತಪ್ಪುಗಳು ಮಾತ್ರ ಊರು, ಹೆಸರು, ಪುಟದ ಸಮೇತ ನೆನಪಿನಲ್ಲಿವೆ. ಅವುಗಳಲ್ಲಿ ದೊಡ್ಡದನ್ನು ಅಂದು ಆ ಹುಡುಗಿಯರ ಮುಂದೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಅಕ್ಷರವೆಂದರೆ ಸೀಸದ ಮೊಳೆ. ಒತ್ತಿಗೆ ಬೇರೆ ಮೊಳೆ, ಕೊಂಬಿಗೆ ಬೇರೆ ಮೊಳೆ. ಹುಸೇನಸಾಬ ಎಂಬ ಕಂಪೋಜಿಟರ್ ಅವನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತಿದ್ದ. ಕರಡು ತಿದ್ದುವವರಲ್ಲಿ ಹಿರಿಯರೆಂದರೆ ಆಚಾರ್ರು. ಬೆಳಿಗ್ಗೆ ಗುಡಿಯ ಪೂಜೆ ಮುಗಿಸಿ, ಹಣೆಯ ಗಂಧ ಒಣಗುವುದರೊಳಗೆ ಪ್ರೆಸ್ಸಿಗೆ ಬಂದು ಕೂರುತ್ತಿದ್ದರು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲ್ ಆಡಿಸುವುದು ಅವರ ಪದ್ಧತಿ. ಮೊದಲ ದಿನವೇ ನನಗೆ ಒಂದು ಮಾತು ಹೇಳಿದರು.

"ಹಸ್ತಪ್ರತಿ ಅಂದ್ರ ದೇವರಿದ್ದಂಗ. ದೇವರು ತೊದಲಿದರ ನೀನೂ ತೊದಲಬೇಕು. ತಿದ್ದಾಕ ನೀ ಯಾಂವಲೇ?"

ಹಾಗೆ ಹೇಳಿದವರೂ ತಪ್ಪಿದ್ದುಂಟು. ಒಮ್ಮೆ ಮುಂಡರಗಿಯ ಒಂದು ಮನೆತನದ ಲಗ್ನಪತ್ರಿಕೆ ಅಚ್ಚಾಗುವಾಗ ಕೊಂಬಿನ ಮೊಳೆ ಮುರಿದು, "ವಧು" ಎಂದಿರಬೇಕಾದ ಕಡೆ "ವಧ" ಎಂದಾಯಿತು. ವರನ ಸೋದರಮಾವ ಪತ್ರಿಕೆಗಳ ಗಂಟನ್ನು ತಂದು ಆಚಾರ್ರ ಮುಂದೆ ಇಟ್ಟು, "ಮದವಿಗಿ ಕರದೇವೋ ಕೊಲಿಗಿ ಕರದೇವೋ, ನೀವ ಹೇಳ್ರಿ" ಎಂದರು. ನಾವು ಮೂವರೂ ಊಟ ಬಿಟ್ಟು ಕೂತು ಪ್ರತಿಯೊಂದು ಪತ್ರಿಕೆಗೂ ಮಸಿಯಲ್ಲಿ ಕೊಂಬು ಬರೆದೆವು. ಆ ಲಗ್ನ ಚೆನ್ನಾಗಿಯೇ ಆಯಿತು.

ಕಂಪ್ಯೂಟರ್ ಬಂದ ಮೇಲೆ ಕೊಂಬು ಮುರಿಯುವುದು ನಿಂತಿತು, ತಪ್ಪು ನಿಲ್ಲಲಿಲ್ಲ. ಮೊದಲು ಒಂದೊಂದಾಗಿ ಆಗುತ್ತಿದ್ದದ್ದು ಈಗ ಒಟ್ಟಿಗೇ ಆಗತೊಡಗಿತು. ಒಂದು ಪುಸ್ತಕದಲ್ಲಿ "ಮನಿ" ಎಂದಿದ್ದದ್ದನ್ನೆಲ್ಲ "ಮನೆ" ಮಾಡು ಎಂದು ಯಾರೋ ಯಂತ್ರಕ್ಕೆ ಒಂದೇ ಅಪ್ಪಣೆ ಕೊಟ್ಟರು. ಅದು ವಿಧೇಯವಾಗಿ ಮನಿಯಾರ್ಡರನ್ನು ಮನೆಯಾರ್ಡರ್ ಮಾಡಿತು, ರಕ್ಷಾಪುಟದ ಮೇಲೆ ಲೇಖಕ ಹೊಸಮನಿಯವರನ್ನು ಹೊಸಮನೆ ಮಾಡಿ ಕೂರಿಸಿತು. ಯಂತ್ರವನ್ನು ನೋಡಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅರ್ಥ ತಿಳಿಯದೆ ತಿದ್ದುವುದು ಯಂತ್ರದ ಚಾಳಿ ಎಂದು ನಾನೇ ದೊಡ್ಡದಾಗಿ ಅಂದಿದ್ದೆ. ಆ ಮಾತು ನನ್ನ ಕೊರಳಿಗೇ ಬಂತು.

ನಿವೃತ್ತನಾಗಿ ಬಹಳ ವರ್ಷವಾದ ಮೇಲೆ, ಹೋದ ಬೇಸಿಗೆಯಲ್ಲಿ, ಮಾಲಕರು ಒಂದು ಕರಡಿನ ಕಟ್ಟು ಕಳಿಸಿದರು. ನಮ್ಮ ಭಾಗದ ಹಳೆಯ ನಗೆನಾಟಕ "ದಫ್ತರ ದ್ಯಾಮಣ್ಣ"ನ ಹೊಸ ಆವೃತ್ತಿ, ಅರ್ಥ ಮತ್ತು ಟಿಪ್ಪಣಿಗಳ ಸಹಿತ. ಗದಗಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನಂದಿನಿ ಮೇಡಂ ಮೂರು ವರ್ಷ ಕೂತು ಸಿದ್ಧಪಡಿಸಿದ್ದು. ಶನಿವಾರ ಮುದ್ರಣಕ್ಕೆ ಹೋಗಬೇಕು, ಕೊನೆಯ ಕಣ್ಣು ನಿಮ್ಮದೇ ಆಗಲಿ ಎಂದು ಚೀಟಿ ಇತ್ತು. ನನಗೆ ಹಿಗ್ಗೋ ಹಿಗ್ಗು. ಏಕೆಂದರೆ ಆ ನಾಟಕ ಮೊದಲ ಸಲ ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲಿ, ಅದರ ಕರಡು ತಿದ್ದಿದವನು ನಾನು, ಬರೆದವರು ಶಿರಹಟ್ಟಿಯ ಶಾಲೆಯಲ್ಲಿ ನನಗೆ ಕಲಿಸಿದ ಸಿದ್ಧಲಿಂಗ ಮಾಸ್ತರರು.

ಮಾಸ್ತರರ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ನಾವು ಹಳ್ಳಿಯ ಹುಡುಗರು ಓದುವಾಗ ಯ ಒತ್ತನ್ನು ನುಂಗುತ್ತಿದ್ದೆವು. ಸೈನ್ಯ ಸೈನ್ನ ಆಗುತ್ತಿತ್ತು, ಧಾನ್ಯ ಧಾನ್ನ ಆಗುತ್ತಿತ್ತು. ಮಾಸ್ತರರು ಅಂಗೈಗೆ ಛಡಿ ಬಿಗಿದು, ಪಾಟಿಯ ಮೇಲೆ ನೂರು ಸಲ ಬರೆಸಿ, "ಯ ವತ್ತು ನುಂಗಬ್ಯಾಡಲೇ ಬಸ್ಯಾ" ಎನ್ನುತ್ತಿದ್ದರು. ಆ ಛಡಿಯಿಂದಲೇ ನನ್ನ ಕನ್ನಡ ನೆಟ್ಟಗಾಯಿತು. ಪ್ರೆಸ್ಸಿಗೆ ನನ್ನನ್ನು ಸೇರಿಸಿದ್ದೂ ಅವರದೇ ಒಂದು ಶಿಫಾರಸು ಪತ್ರ.

ಹೊಸ ಆವೃತ್ತಿಯ ಪುಟ ತೆರೆದರೆ ಮೇಲೆ ನಾಲ್ಕು ಸಾಲು ನಾಟಕ, ಕೆಳಗೆ ಮುಕ್ಕಾಲು ಪುಟ ಟಿಪ್ಪಣಿ. ಮೂಗಿಗಿಂತ ಮೂಗುತಿ ಭಾರ ಎಂದು ಮೊದಲು ಗೊಣಗಿದೆ. ಪಾವಟಿಗೆ ಎಂದರೆ ಮೆಟ್ಟಿಲು ಎಂದು ಅರ್ಥ ಬರೆದಿದ್ದರು, ಆ ಹೊತ್ತಿಗೆ ನಾನು ಕೂತಿದ್ದೇ ನಮ್ಮ ಮನೆಯ ಪಾವಟಿಗೆಯ ಮೇಲೆ. ಆದರೆ ಓದುತ್ತ ಹೋದಂತೆ ಗೊಣಗಾಟ ನಿಂತಿತು. ಹೆಣ್ಣುಮಗಳು ಒಂದೊಂದು ಗಾದೆಯ ಬೇರು ಹುಡುಕಿಕೊಂಡು ಲಕ್ಷ್ಮೇಶ್ವರ, ಕುರ್ತಕೋಟಿ ತಿರುಗಿದ್ದಳು. ನಾನು ಕರಡು ತಿದ್ದಿದ ನಾಟಕವನ್ನು ನಾನೇ ಮೊದಲ ಸಲ ಓದಿದಂತೆ ಆಯಿತು.

ಎರಡನೆಯ ಅಂಕದಲ್ಲಿ ನಲವತ್ತೊಂದನೆಯ ಟಿಪ್ಪಣಿ. ಸಂದರ್ಭ ಇಷ್ಟು: ಧಣಿಯ ಮಗನಿಗೆ ಹೆಣ್ಣು ನೋಡಲು ಹೊರಟ ಗುಂಪಿನ ಜೊತೆ ಆಳು ದ್ಯಾಮಣ್ಣ ಕಂಕುಳಲ್ಲಿ ಹಳೆಯ ದಫ್ತರ, ಎಂದರೆ ಕಾಗದಪತ್ರದ ಗಂಟು, ಇಟ್ಟುಕೊಂಡು, ತಾನೂ ಓದಿದವನೆಂದು ಬೀಗುತ್ತ ಬರುತ್ತಾನೆ. ಹೆಣ್ಣಿನ ಮನೆಯ ಬಾಗಿಲಲ್ಲಿ ನಿಂತು, "ಕನ್ಯಾ ನೋಡಾಕ ಬಂದೇವ್ರಿ" ಎನ್ನುತ್ತಾನೆ. ಒಳಗಿನ ಮುದುಕಿ ಒನಕೆ ಹಿಡಿದು, "ಎವ್ವಾ, ಹಾಡಹಗಲ ಹೇಳಿ ಬಂದಾರಲ್ಲ ಕಳ್ಳರು" ಎಂದು ಅವರ ಮೇಲೆ ಏರಿ ಬರುತ್ತಾಳೆ. ಮುದುಕಿ ಹಾಗೇಕೆ ಅಂದಳೆಂದು ಯಾರಿಗೂ ತಿಳಿದಿರಲಿಲ್ಲ. ಹಳ್ಳಿಯ ತಂಡಗಳು ಆ ಭಾಗವನ್ನು ಬಿಟ್ಟೇ ಆಡುತ್ತಿದ್ದವು. ನಂದಿನಿ ಮೇಡಂ ಅದಕ್ಕೆ ಒಂದೂವರೆ ಪುಟದ ವಿವರಣೆ ಬರೆದಿದ್ದರು. ಹೆಣ್ಣು ನೋಡುವ ಶಾಸ್ತ್ರವೇ ಒಂದು ಕಳ್ಳತನವೆಂದು ಬಾಳಿ ಬಲ್ಲ ಮುದುಕಿಯ ಬಾಯಿಂದ ಮಾಸ್ತರರು ಹೇಳಿಸಿದ್ದಾರೆ, ಇದು ಕಾಲಕ್ಕಿಂತ ಮುಂದಿನ ಮಾತು ಎಂದು.  ನನ್ನ ಮಾಸ್ತರರು ಎಷ್ಟು ದೊಡ್ಡವರು ಎಂದುಕೊಂಡೆ.

ಹಳೆಯ ರೂಢಿಯಂತೆ ಆ ಸಾಲನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಶಾಂತವ್ವ, ಆ ಸದ್ದಿನಲ್ಲಿ ಅರ್ಧಂಬರ್ಧ ಕೇಳಿಸಿಕೊಂಡು, ಕೇಳಿದಳು.

"ಯಾರ ಮನಿಗಿ ಕನ್ನಾ ಹಾಕ್ಯಾರ್ರಿ?"

ನನ್ನ ಕೈಯ ಪೆನ್ಸಿಲ್ ಪಾವಟಿಗೆಯಿಂದ ಉರುಳಿ ಅಂಗಳಕ್ಕೆ ಬಿತ್ತು.

ಕನ್ನ ಎಂದರೆ ಕಳ್ಳರು ಮನೆಯ ಗೋಡೆಗೆ ಕೊರೆಯುವ ಕಿಂಡಿ. ಮಾಸ್ತರರು ಬರೆದದ್ದು "ಕನ್ನಾ ನೋಡಾಕ ಬಂದೇವ್ರಿ" ಎಂದೇ. ಓದಿದವನಂತೆ ಬೀಗುವ ದ್ಯಾಮಣ್ಣನಿಗೆ ಯ ಒತ್ತು ನುಂಗಿಸಿ, ಮುದುಕಿಯನ್ನು ಹೆದರಿಸಿ, ಜನರನ್ನು ನಗಿಸುವ ಹಂಚಿಕೆ ಅದು. ಎಲ್ಲವೂ ನಿಚ್ಚಳವಾಗಿ ನೆನಪಾಯಿತು. ಆ ವಾರ ಆಚಾರ್ರು ಜ್ವರ ಬಂದು ಮಲಗಿದ್ದರು. ಹಸ್ತಪ್ರತಿ ಓದಿ ಹೇಳುವವರಿಲ್ಲದೆ ನಾನೊಬ್ಬನೇ ಕೂತಿದ್ದೆ. ಹುಸೇನಸಾಬ ಮೊಳೆ ಜೋಡಿಸುತ್ತ ತನ್ನಷ್ಟಕ್ಕೆ ನಗುತ್ತಿದ್ದ, ಯಾಕೆಂದು ನಾನು ಕೇಳಲಿಲ್ಲ. ಮೂರು ಕಡೆ "ಕನ್ನಾ" ಎಂದಿತ್ತು. ನನಗೆ ಛಡಿ ಬಿಗಿದು ಕಲಿಸಿದ ಗುರುಗಳೇ ಅವಸರದಲ್ಲಿ ಒತ್ತು ನುಂಗಿದ್ದಾರೆ ಎಂದು ಮರುಕ ಬಂತು. ಮೂರೂ ಕಡೆ ಯ ಒತ್ತು ಇಟ್ಟೆ. ಅದು ನನ್ನ ಗುರುದಕ್ಷಿಣೆ ಎಂದುಕೊಂಡೆ. ಹುಸೇನಸಾಬ ಕರಡು ನೋಡಿ, ಖರೇನ ಬದಲಿ ಮಾಡಲೇನು ಎಂದು ಎರಡು ಸಲ ಕೇಳಿದ. ವ್ಯಾಕರಣ ನಿನಗೇನು ಗೊತ್ತು ಎಂದು ಗದರಿಸಿದೆ. ಮುಂದಿನ ಸಾಲಿನಲ್ಲೇ ಕಳ್ಳರೆಂದು ಕೂಗುವ ಮುದುಕಿ ಇದ್ದಳು, ಅವಳೂ ನನಗೆ ಕಾಣಲಿಲ್ಲ. ನಾನು ಅಕ್ಷರ ಓದುತ್ತಿದ್ದೆ, ನಾಟಕ ಓದುತ್ತಿರಲಿಲ್ಲ.

ಪುಸ್ತಕ ಬಂದ ಮೇಲೆ ಮಾಸ್ತರರು ಪ್ರೆಸ್ಸಿಗೆ ಬಂದಿದ್ದರು. ಆ ಪುಟ ತೆಗೆದು ಬಹಳ ಹೊತ್ತು ನೋಡಿ, ಇದನ್ನು ಓದಿದವರು ಯಾರು ಎಂದು ಕೇಳಿದರು. ಮಾಲಕರು, ಆಚಾರ್ರು, ಎಲ್ಲರೂ ಇದ್ದರು. ನಾನೇ ಎಂದು ಎದೆಯುಬ್ಬಿಸಿ ಮುಂದೆ ಬಂದೆ. ಮಾಸ್ತರರು ನನ್ನ ಮುಖ ನೋಡಿದರು, ಪುಸ್ತಕ ಮುಚ್ಚಿದರು.

"ಭಾಳ ಛಲೋ ಓದೀಯಲೇ ಬಸ್ಯಾ. ಒಂದು ವತ್ತೂ ನುಂಗಿಲ್ಲ ನೋಡು."

ಈ ಮಾತನ್ನು ನಾನು ಐವತ್ತು ವರ್ಷ ಮೆರೆಸಿದ್ದೇನೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ಹೇಳಿದ್ದೇನೆ. ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಇದನ್ನೇ ಹೇಳಿ ಕಣ್ಣೊರೆಸಿಕೊಂಡಿದ್ದೆ. ಈಗ ಅಂಗಳದ ಪೆನ್ಸಿಲ್ ಎತ್ತಿಕೊಳ್ಳಲು ಬಗ್ಗಿದರೆ ಏಳಲಾಗಲಿಲ್ಲ, ಅಷ್ಟು ನಾಚಿಕೆಯಾಯಿತು.

ಸುಮ್ಮನಿರಬಹುದಿತ್ತು. ಆಚಾರ್ರಿಲ್ಲ, ಹುಸೇನಸಾಬನಿಲ್ಲ, ಮಾಸ್ತರರೂ ತೀರಿಕೊಂಡಿದ್ದಾರೆ. ತಪ್ಪು ಗೊತ್ತಿದ್ದವನು ನಾನೊಬ್ಬ, ಆ ತಪ್ಪಿಗೆ ಒಂದೂವರೆ ಪುಟದ ಕಿರೀಟ ಬೇರೆ ಬಂದಿದೆ. ಒಂದು ದಿನವೆಲ್ಲ ಹಾಗೇ ಅಂದುಕೊಂಡೆ. ಓಣಿಯ ಮಗ್ಗಗಳ ಸದ್ದು ಕೂಡ ಅಂದು ಬಸ್ಯಾ ಬಸ್ಯಾ ಎನ್ನುತ್ತಿತ್ತು. ಶಾಂತವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಕೈ ತೊಳೆದುಕೊಳ್ಳುತ್ತ, ಮಾಸ್ತರರಿಗೆ ಅನ್ಯಾಯ ಮಾಡಿದ್ದು ಗೊತ್ತಿಲ್ಲದೆ, ಇನ್ನು ಮುಂದೆ ಮಾಡಿದರೆ ಗೊತ್ತಿದ್ದು ಮಾಡಿದಂತೆ ಎಂದಳು. ಗುರುವಾರ ಬೆಳಿಗ್ಗೆ ಕಾಲೇಜಿಗೆ ಹೋದೆ.

ನಂದಿನಿ ಮೇಡಂ ಖಾಲಿ ವರ್ಗದಲ್ಲಿ ಕೂತಿದ್ದರು. ನಲವತ್ತೊಂದನೆಯ ಟಿಪ್ಪಣಿಯಲ್ಲಿ ಅಕ್ಷರ ತಪ್ಪಿದೆಯೇ ಎಂದು ಕೇಳಿದರು.

"ಟಿಪ್ಪಣಿಯೊಳಗ ತಪ್ಪಿಲ್ರಿ. ಮ್ಯಾಲ ನಾಟಕದಾಗ ಐತಿ. ಆ ತಪ್ಪು ನಂದು."

ನಡೆದದ್ದನ್ನೆಲ್ಲ ಹೇಳಿ ಮುಗಿಸಿದೆ. ಆ ಟಿಪ್ಪಣಿಯ ಮೇಲೆಯೇ ಅವರ ಪ್ರಸ್ತಾವನೆ ನಿಂತಿತ್ತು, ವಿದ್ವಾಂಸರ ಸಭೆಗಳಲ್ಲಿ ಅದನ್ನು ಓದಿ ಮೆಚ್ಚುಗೆ ಪಡೆದಿದ್ದರು. ಆಮೇಲೆ ಒಂದೊಂದೇ ಪ್ರಶ್ನೆ ಕೇಳಿದರು, ನ್ಯಾಯಾಲಯದಲ್ಲಿ ಕೇಳಿದಂತೆ. ಹಸ್ತಪ್ರತಿ ಎಲ್ಲಿದೆ? ಅಚ್ಚು ಮುಗಿದು ಮೊಳೆ ಬಿಚ್ಚಿದ ಮೇಲೆ ಅದು ರದ್ದಿಗೆ ಹೋಯಿತು. ಬೇರೆ ಸಾಕ್ಷಿ? ಇಲ್ಲ. ಪುಸ್ತಕ ಬಂದ ಮೇಲೂ ಮಾಸ್ತರರು ಬದುಕಿದ್ದರಲ್ಲ, ಅವರೇಕೆ ಒಂದು ಮಾತೂ ಆಡಲಿಲ್ಲ? 

"ಬರೆದವರ ಒಪ್ಪಿಕೊಂಡಾರ ಅಂದಂಗಾತಲ್ರಿ, ಕಾಕಾರ. ನಿಮ್ಮ ನೆನಪೊಂದನ್ನ ನಂಬಿ ನಾಟಕದ ಪಾಠ ಬದಲಿ ಮಾಡಾಕ ಬರೂದಿಲ್ಲ. ಪುರಾವೆ ತರ್ರಿ, ನಾನ ಕೈಯಾರೆ ಅಳಸ್ತೀನಿ."

ಸಿಟ್ಟು ಬಂತು. ಆದರೆ ಅವರ ಮಾತು ಆಚಾರ್ರ ಮಾತೇ ಆಗಿತ್ತು. ಅಂದು ಒತ್ತು ಇಡುವಾಗ ನಾನು ಕೇಳಬೇಕಿದ್ದ ಮಾತು ಅದು. ಶುಕ್ರವಾರ ಬೆಳಗಿನ ಬಸ್ಸು ಹಿಡಿದು ಶಿರಹಟ್ಟಿಗೆ ಹೊರಟೆ. ಅಲ್ಲಿ ಮಠದ ಹಿಂದಿನ ಓಣಿಯಲ್ಲಿ ಮಾಸ್ತರರ ಮಗಳು ಗಿರಿಜಕ್ಕ ಇದ್ದಾರೆ, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವರು. ದಾರಿಯುದ್ದಕ್ಕೂ ಬಿಸಿಗಾಳಿ, ಎರಿ ಹೊಲದ ಕಪ್ಪು ಮಣ್ಣು ಬಿರುಕು ಬಿಟ್ಟಿತ್ತು. ಪುರಾವೆ ಸಿಗದಿದ್ದರೆ ಎಂಬ ಹೆದರಿಕೆ ಒಂದು ಕಡೆ, ಸಿಕ್ಕರೆ ಗಿರಿಜಕ್ಕನ ಮುಖ ಹೇಗೆ ನೋಡಲಿ ಎಂಬ ಹೆದರಿಕೆ ಇನ್ನೊಂದು ಕಡೆ.

ಗಿರಿಜಕ್ಕ ಬಾಯ್ತುಂಬ ಕರೆದು ಕೂರಿಸಿದರು. ಹೊಸ ಆವೃತ್ತಿ ಬರುತ್ತಿರುವುದು ಅವರಿಗೆ ಗೊತ್ತಿತ್ತು, ಆದರೆ ಖುಷಿ ಕಾಣಲಿಲ್ಲ. ಆ ಪುಸ್ತಕ ಕಂಡರೆ ನನಗೆ ಆಗುವುದಿಲ್ಲ ಎಂದರು. ಯಾಕೆಂದು ಕೇಳಿದೆ. ಅಚ್ಚಾದ ವರ್ಷ ಮುಂಡರಗಿಯ ತಂಡವೊಂದು ಪುಸ್ತಕ ನೋಡಿ ಆಡಿತಂತೆ. ತಂದೆ, ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದರಂತೆ. ಮುದುಕಿ ಒನಕೆ ಹಿಡಿದು ಬಂದಾಗ ಒಬ್ಬರೂ ನಗಲಿಲ್ಲ, ಹಿಂದಿನಿಂದ ಸಿಳ್ಳೆ ಬಿತ್ತು. ಮಾಸ್ತರರು ಎದ್ದು ಮಗಳ ಕೈ ಹಿಡಿದು ಹೊರಗೆ ನಡೆದರು.

"ಆವತ್ತಿಂದ ಅಪ್ಪ ನಾಟಕ ಬರೀಲಿಲ್ಲ, ಬಸಣ್ಣ. ನಗಸೂದ ಬಿಟ್ಟಬಿಟ್ಟ."

 ಕೊಟ್ಟ ನೀರು ಕುಡಿಯಲಿಲ್ಲ, ಕುಡಿಯುವ ಯೋಗ್ಯತೆ ಇಲ್ಲವೆನಿಸಿತು. ಎದ್ದು ನಿಂತು ಎಲ್ಲ ಹೇಳಿದೆ. ಮೂರು ಒತ್ತು, ಹುಸೇನಸಾಬನ ನಗೆ, ನನ್ನ ಎದೆಯುಬ್ಬಿಸುವಿಕೆ, ಒಂದನ್ನೂ ಬಿಡಲಿಲ್ಲ.   ಗಿರಿಜಕ್ಕ, ಅಪ್ಪ ಬರೆದ ಹಾಗೆ ಆ ಮಾತನ್ನು ಒಮ್ಮೆ ಅನ್ನು ಎಂದರು. ನಾನು ಎಪ್ಪತ್ತು ದಾಟಿದ ಮುದುಕ, ಬಾಗಿಲ ಬಳಿ ಹೋಗಿ, ಕೈಚೀಲವನ್ನು ದಫ್ತರದಂತೆ ಕಂಕುಳಲ್ಲಿ ಇಟ್ಟುಕೊಂಡು ನಿಂತೆ.

"ಕನ್ನಾ ನೋಡಾಕ ಬಂದೇವ್ರಿ."

"ಎವ್ವಾ, ಹಾಡಹಗಲ ಹೇಳಿ ಬಂದಾರಲ್ಲ ಕಳ್ಳರು" ಎಂದು ಗಿರಿಜಕ್ಕನ ಬಾಯಿಂದ ತಾನಾಗಿ ಬಂತು. ಅಂದವರೇ ನಗತೊಡಗಿದರು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಲೇ ಅತ್ತರು. ತಂದೆ ಬರೆಯುವಾಗ ಅವರು ಚಿಕ್ಕ ಹುಡುಗಿ. ಅಡುಗೆಮನೆಯ ಬಾಗಿಲಲ್ಲಿ ಮಾಸ್ತರರು ದ್ಯಾಮಣ್ಣನಾಗಿ ನಿಲ್ಲುತ್ತಿದ್ದರಂತೆ, ಇವರು ಲಟ್ಟಣಿಗೆ ಹಿಡಿದು ಮುದುಕಿಯಾಗುತ್ತಿದ್ದರಂತೆ. ಆಟದಲ್ಲಿ ಆ ನಗೆ ಯಾಕೆ ಬರಲಿಲ್ಲವೆಂದು ಇಷ್ಟು ವರ್ಷ ಅವರಿಗೂ ಗೊತ್ತಾಗಿರಲಿಲ್ಲ.

ಕಣ್ಣೊರೆಸಿಕೊಂಡು ಒಳಗೆ ಹೋಗಿ ಟ್ರಂಕಿನಿಂದ ಒಂದು ಪುಸ್ತಕ ತಂದರು. ಮಾಸ್ತರರ ಸ್ವಂತ ಪ್ರತಿ. ಅದನ್ನು ಅವರು ತೆರೆದೇ ಇರಲಿಲ್ಲ. ಎರಡನೆಯ ಅಂಕದ ಪುಟ ತೆಗೆದೆ. ನೀಲಿ ಪೆನ್ಸಿಲಿನಲ್ಲಿ ಮೂರೂ ಕಡೆ ಯ ಒತ್ತು ಹೊಡೆದು ಹಾಕಿತ್ತು. ಬದಿಯಲ್ಲಿ ಪಾಟಿಯ ಮೇಲೆ ಬರೆದುಕೊಡುತ್ತಿದ್ದ ಅದೇ ದುಂಡು ಅಕ್ಷರ: "ಒತ್ತು ನುಂಗಬೇಡವೆಂದು ಹೊಡೆದು ಕಲಿಸಿದವನು ನಾನೇ. ಹುಡುಗನದೇನೂ ತಪ್ಪಿಲ್ಲ."

ತಪ್ಪು ತಿದ್ದಿದ ಒಪ್ಪೋಲೆ ಅಚ್ಚುಹಾಕಿಸಿ ಪುಸ್ತಕಕ್ಕೆ ಅಂಟಿಸಿರಿ ಎಂದು ತಾಯಿ ಜಗಳ ತೆಗೆದಿದ್ದು, ಬೇಡ, ಹೊಸದಾಗಿ ಸೇರಿದವನ ಕೆಲಸ ಹೋದೀತು ಎಂದು ತಂದೆ ಅಂದಿದ್ದು ಗಿರಿಜಕ್ಕನಿಗೆ ಆಗ ನೆನಪಾಯಿತು. ಆ ಹೊಸಬ ಯಾರೆಂದು ಅವರು ಕೇಳಿರಲಿಲ್ಲ. ನಾನು ಅವರೆದುರೇ ಅತ್ತೆ. ಪುಸ್ತಕವನ್ನು ಅವರು ಒಂದು ಬಿಳಿ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅಪ್ಪ ಬರೆದ ಹಾಗೆ ಅಚ್ಚು ಮಾಡಿಸು, ಇನ್ನೇನೂ ಬೇಡ ಎಂದರು.

ಶನಿವಾರ ಪ್ರೆಸ್ಸಿನಲ್ಲಿ ನಂದಿನಿ ಮೇಡಂ ಆ ಪುಟವನ್ನು ನೋಡಿದರು. ಮಾಲಕರು ಗಡಿಯಾರ ನೋಡುತ್ತಿದ್ದರು, ಯಂತ್ರ ಕಾಯುತ್ತಿತ್ತು. ಮೇಡಂ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ಮೂರು ವರ್ಷ ನಿಮ್ಮ ತಪ್ಪಿಗೆ ಅರ್ಥ ಹೇಳೀನಲ್ರಿ, ಕಾಕಾರ."

 ಅವರು ಎದ್ದು, ಹಳೆಯ ಟಿಪ್ಪಣಿಗೆ ತಾವೇ ಗೀಟು ಎಳೆದರು. ಪ್ರಸ್ತಾವನೆಯ ಎಂಟು ಪುಟ ತೆಗೆದರು. ಮುದ್ರಣ ನಾಲ್ಕು ದಿನ ಮುಂದಕ್ಕೆ ಹೋಯಿತು, ಮಾಲಕರು ಕೆಲವು ತಿಂಗಳು ನನ್ನೊಡನೆ ಮಾತು ಬಿಟ್ಟರು. ಪುಟ ಮಡಚುವ ಹೆಂಗಸರಿಗೆ ಮೇಡಂ ಹೊಸ ಸಾಲು ಓದಿ ತೋರಿಸಿದಾಗ ಅವರು ಕೆಲಸ ಬಿಟ್ಟು ನಕ್ಕರು. ಟಿಪ್ಪಣಿಯೇ ಬೇಕಾಗಲಿಲ್ಲ. ಆ ನಗೆ ಕೇಳಿ ಮೇಡಂ ಕೂಡ ಮೊದಲ ಸಲ ನಕ್ಕರು.

ಹೊಸ ಟಿಪ್ಪಣಿ ನಾಲ್ಕೇ ಸಾಲು. ಮೊದಲ ಮುದ್ರಣದಲ್ಲಿ "ಕನ್ಯಾ" ಎಂದಾದದ್ದು ಕರಡು ತಿದ್ದಿದವರಿಂದ ಎಂದು ಬರೆದಿದ್ದರು. ನನ್ನ ಹೆಸರು ಹಾಕಿರಿ ಎಂದೆ. ಹಾಗೆ ಹಾಕುವ ಪದ್ಧತಿಯಿಲ್ಲ ಎಂದರು. ಹಾಕದಿದ್ದರೆ ಹುಸೇನಸಾಬನ ಮೇಲೆ ಬರುತ್ತದೆ, ಮೊಳೆ ಜೋಡಿಸಿದವನ ಮೇಲೇ ಜನ ಯಾವಾಗಲೂ ಹೊರಿಸುತ್ತಾರೆ ಎಂದು ಹಟ ಹಿಡಿದೆ. ಹಾಕಿದರು.

ಬುಧವಾರ ಆ ಪುಟದ ಕೊನೆಯ ಕರಡು ನನ್ನ ಮುಂದೆ ಬಂತು. ನನ್ನ ಹೆಸರು ಸರಿಯಾಗಿತ್ತು. ಅದರ ಕೆಳಗೆ ಮೇಡಂ ಮಾಸ್ತರರ ಬರಹವನ್ನು ಇದ್ದ ಹಾಗೇ ಕೊಟ್ಟಿದ್ದರು. ಅದರ ಕೊನೆಯ ವಾಕ್ಯ ನಿಜವಲ್ಲ. ಹುಡುಗನ ತಪ್ಪಿತ್ತು, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೆನ್ಸಿಲ್ ಆ ವಾಕ್ಯದ ಮೇಲೆ ಹೋಗಿ ನಿಂತಿತು. ಗೀಟು ಎಳೆಯಬೇಕೆಂದು ಕೈ ತುಡಿಯುತ್ತಿತ್ತು.

ಶಿರಹಟ್ಟಿಯ ಪುಸ್ತಕವನ್ನು ಪಂಚೆಯಿಂದ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡೆ. ಅಕ್ಷರಕ್ಕೆ ಅಕ್ಷರ, ಒತ್ತಿಗೆ ಒತ್ತು ತಾಳೆ ನೋಡಿದೆ. ಮಾಸ್ತರರ ಆ ಬರಹವೇ ನನಗೀಗ ಹಸ್ತಪ್ರತಿ, ಅದರಲ್ಲಿ ಹಾಗೇ ಇತ್ತು. ಪುಟದ ಕೆಳಗೆ ಸಹಿ ಮಾಡಿ, ತಿದ್ದುಪಡಿ ಇಲ್ಲ ಎಂದು ಬರೆದು ಕೊಟ್ಟೆ.